ಪಿಕಪ್ ಇಳಿಸಿದೆ, ಏಳು ತಿಂಗಳು ಓಡಿಸಿದೆ, ಮತ್ತೆ ಎತ್ತಿಸಿದೆ

ನಮಸ್ಕಾರ. ಇವತ್ತು ಗಾಡಿ ಹತ್ತುವ ಮೊದಲು ಅದರ ಕೆಳಗೆ ಹೋಗೋಣ ಬನ್ನಿ. ಟಾರ್ಚ್ ಎಲ್ಲಿಗೆ ಹಿಡಿದಿದ್ದೇನೆ ನೋಡಿ. ಹಿಂದಿನ ಎರಡು ಚಕ್ರ ಜೋಡಿಸುವ ಆಕ್ಸಲ್ ಮೇಲೆ, ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ ಅಂಟಿಕೊಂಡಿರುವ ಈ ಕಪ್ಪು ರಬ್ಬರ್ ತುಂಡು. ಇದಕ್ಕೆ ಬಂಪ್ ಸ್ಟಾಪ್ ಅನ್ನುತ್ತಾರೆ. ಈ ರಬ್ಬರಿಗೂ ಆಕ್ಸಲ್‌ಗೂ ನಡುವೆ ಟೇಪ್ ಹಿಡಿದರೆ 90 ಮಿಲಿಮೀಟರ್ ಬರುತ್ತದೆ. ಚಕ್ರ ಗುಂಡಿಗೆ ಬಿದ್ದು ಮೇಲೆ ಬರುವಾಗಲೂ, ಲೋಡ್ ಹಾಕಿ ಗಾಡಿ ಕೂರುವಾಗಲೂ, ಎಲ್ಲ ಆಟ ಈ 90 ಮಿಲಿಮೀಟರ್ ಒಳಗೇ ಮುಗಿಯಬೇಕು. ನಾನು ಗಾಡಿಯ ಎತ್ತರ ಇಳಿಸಿದಾಗ ಇದು 14ಕ್ಕೆ ಬಂದಿತ್ತು. ನನ್ನ ಹೆಬ್ಬೆರಳು ಕೂಡ ತೂರುತ್ತಿರಲಿಲ್ಲ.

ಪಿಕಪ್ ಸಸ್ಪೆನ್ಷನ್ ಇಳಿಸಬೇಕಾ ಬೇಡವಾ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಟಯರಿನ ಮೇಲಿನ ಆ ಖಾಲಿ ಜಾಗ ಕಮ್ಮಿಯಾದರೆ ಗಾಡಿ ಎಷ್ಟು ಚೆಂದ ಕಾಣುತ್ತದೆ ಅಂತ ಎಲ್ಲರೂ ನೋಡುತ್ತಾರೆ. ನಾನೂ ಅದನ್ನೇ ನೋಡಿದ್ದು. ಆದರೆ ನೀವು ನಿಜವಾಗಿ ಕೊಟ್ಟುಬಿಡುವುದು ಆ ಜಾಗವನ್ನಲ್ಲ, ಈ ರಬ್ಬರಿನ ಕೆಳಗಿನ ಜಾಗವನ್ನು.

ನನ್ನ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆಗಳಿಗೆ ತಾರಸಿ ತೋಟ ಮಾಡಿಕೊಡುತ್ತೇನೆ. ಲಾಲ್‌ಬಾಗ್ ಹತ್ತಿರ ಸಿದ್ದಾಪುರದ ನರ್ಸರಿಗಳಿಂದ ಗಿಡ, ಮಣ್ಣಿನ ಕುಂಡ, ಕೆಂಪು ಮಣ್ಣು, ಎರೆಹುಳು ಗೊಬ್ಬರ ತುಂಬಿಕೊಂಡು ಊರೆಲ್ಲಾ ಸುತ್ತುವ ಗಾಡಿ ಇದು. ಹಳೇ ಡಬಲ್ ಕ್ಯಾಬ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಮುಂದೆ ಸುರುಳಿಯ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇಲ್ಲ.

ಇಳಿಸಲು ನನಗೆ ಎರಡು ಕಾರಣ ಇತ್ತು. ಒಂದು ಅಮ್ಮ. ಮೊಣಕಾಲು ನೋವು, ಈ ಎತ್ತರಕ್ಕೆ ಹತ್ತುವುದು ಕಷ್ಟ. "ಮಗಾ, ನಾನು ಆಟೋದಲ್ಲೇ ಬರ್ತೀನಿ ಬಿಡೋ" ಅಂತ ಒಂದು ದಿನ ಗಾಡಿ ಬಾಗಿಲ ಹತ್ತಿರ ನಿಂತು ಹೇಳಿದರು. ಅದು ನನಗೆ ತುಂಬಾ ನಾಟಿತು. ಇನ್ನೊಂದು ಕುಂಡಗಳು. ಮಣ್ಣು ತುಂಬಿದ ದೊಡ್ಡ ಕುಂಡವನ್ನು ದಿನಕ್ಕೆ ಮೂವತ್ತು ಸಲ ಎದೆ ಎತ್ತರಕ್ಕೆ ಎತ್ತಿ ನೋಡಿ, ಸಂಜೆ ಸೊಂಟ ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ. ಮೂರು ಇಂಚು ಕಮ್ಮಿಯಾದರೂ ಸಾಕು ಅನ್ನಿಸಿತ್ತು.

ಹಾಗಾಗಿ ಮುಂದೆ ಎರಡು ಇಂಚು, ಹಿಂದೆ ಮೂರು ಇಂಚು ಇಳಿಸಿದೆ.

ಹೇಗೆ ಇಳಿಸಿದೆ ಅನ್ನುವುದೂ ಮುಖ್ಯ. ಮೊದಲು ಹೋದ ಗ್ಯಾರೇಜಿನಲ್ಲಿ ಮುಂದಿನ ಕಾಯಿಲನ್ನು ಗ್ಯಾಸ್ ಕಟ್ಟರ್‌ನಲ್ಲಿ ಒಂದು ಸುತ್ತು ಕತ್ತರಿಸೋಣ, ಹಿಂದೆ ಒಂದು ಪಟ್ಟಿ ತೆಗೆಯೋಣ, ಮಧ್ಯಾಹ್ನದೊಳಗೆ ಗಾಡಿ ತಗೊಂಡು ಹೋಗಿ ಅಂದರು. ನಾನು ಬೇಡ ಅಂದೆ, ಆ ಒಂದು ವಿಷಯದಲ್ಲಿ ಸರಿಯಾದ ನಿರ್ಧಾರ ಮಾಡಿದೆ. ಸ್ಪ್ರಿಂಗ್ ಉಕ್ಕಿಗೆ ಅದರ ಗುಣ ಬಂದಿರುವುದೇ ಲೆಕ್ಕ ಇಟ್ಟು ಕಾಯಿಸಿ ತಣಿಸಿದ್ದರಿಂದ. ಅದನ್ನು ಮತ್ತೆ ಬೆಂಕಿಗೆ ಹಿಡಿದರೆ ಆ ಜಾಗದಲ್ಲಿ ಹದ ಹೋಗುತ್ತದೆ, ಆಮೇಲೆ ಯಾವತ್ತೋ ಒಂದು ದಿನ ಮುರಿಯುತ್ತದೆ. ಕತ್ತರಿಸಿದ ಕಾಯಿಲ್ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ, ಚಕ್ರ ಪೂರ್ತಿ ಕೆಳಗೆ ಜೋತಾಗ ಸಡಿಲವಾಗಬಹುದು. ಇನ್ನು ಹಿಂದೆ ಪಟ್ಟಿ ತೆಗೆದರೆ ಗಾಡಿ ಇಳಿಯುತ್ತದೆ ನಿಜ, ಜೊತೆಗೆ ಭಾರ ಹೊರುವ ಶಕ್ತಿಯೂ ಇಳಿಯುತ್ತದೆ. ಲೋಡ್ ಹಾಕುವ ಗಾಡಿಗೆ ಅದು ಯಾವ ಕಾರಣಕ್ಕೂ ಬೇಡ.

ಕೊನೆಗೆ ಮುಂದೆ ಗಿಡ್ಡ ಸ್ಪ್ರಿಂಗ್ ತರಿಸಿ ಹಾಕಿಸಿದೆ. ಹಿಂದೆ ಪಟ್ಟಿ ತೆಗೆಯದೆ, ಅದರ ಬಾಗು ಕಮ್ಮಿ ಮಾಡಿಸಿದೆ. ಆಕ್ಸಲನ್ನು ಸ್ಪ್ರಿಂಗ್ ಮೇಲಕ್ಕೆ ತರುವ ಇನ್ನೊಂದು ದಾರಿ ಇದೆ. ಈಗ ಸ್ಪ್ರಿಂಗ್ ಆಕ್ಸಲ್ ಮೇಲೆ ಕೂತಿದೆ ಅಲ್ವಾ, ಅದನ್ನು ಕೆಳಗೆ ಕಟ್ಟುವುದು. ಒಂದೇ ಏಟಿಗೆ ಐದಾರು ಇಂಚು ಇಳಿಯುತ್ತದೆ. ಆಗ ಆಕ್ಸಲ್ ಚಾಸಿಗೆ ಬಡಿಯದ ಹಾಗೆ ಚಾಸಿಯನ್ನೇ ಕಚ್ಚು ಹಾಕಿ ಕತ್ತರಿಸಬೇಕಾಗುತ್ತದೆ. ನಮ್ಮ ರಸ್ತೆಗೆ ಅದು ಬೇಡವೇ ಬೇಡ.

ಈಗ ಸಿಕ್ಕ ಸುಖ ಹೇಳುತ್ತೇನೆ, ಅದು ಸುಳ್ಳಲ್ಲ. ಮೊದಲ ದಿನ ನೈಸ್ ರೋಡಿನಿಂದ ಮೈಸೂರು ರಸ್ತೆ ಕಡೆಗೆ ಸುತ್ತಿಕೊಂಡು ಇಳಿಯುತ್ತೇವಲ್ಲ, ಆ ತಿರುವಿನಲ್ಲಿ ಗಾಡಿ ನಿಂತ ರೀತಿ ನೋಡಿ ನನಗೆ ನಂಬಿಕೆಯೇ ಬರಲಿಲ್ಲ. ಮೊದಲೆಲ್ಲ ಅಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲಿ, ಹಿಂದಿನ ಸೀಟಿನಲ್ಲಿದ್ದ ಹುಡುಗ ಹಿಡಿ ಹಿಡಿದುಕೊಳ್ಳುತ್ತಿದ್ದ. ಭಾರದ ಕೇಂದ್ರ ಎಷ್ಟು ಮೇಲಿದೆಯೋ, ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಅಷ್ಟು ಜಾಸ್ತಿ ಭಾರ ಬೀಳುತ್ತದೆ. ಅದು ಎರಡೂವರೆ ಇಂಚು ಕೆಳಗೆ ಬಂದರೆ ಕೈಗೆ ತಿಳಿಯುತ್ತದೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತಿತ್ತು. ಆ ಏಳು ತಿಂಗಳು ನಾನು ಹೈವೇಯಲ್ಲಿ ಓಡಿಸಿದಷ್ಟು ಸಂತೋಷವಾಗಿ ಯಾವತ್ತೂ ಓಡಿಸಿಲ್ಲ. ಅಮ್ಮ ಒಂದೇ ಕೈ ಊರಿ ಹತ್ತಿ ಕೂತರು. ಕುಂಡ ಎತ್ತುವಾಗ ಸೊಂಟಕ್ಕೂ ಆರಾಮ.

ಮೈಲೇಜ್ ಜಾಸ್ತಿ ಆಗುತ್ತಾ ಅಂತ ಕೇಳುತ್ತೀರಿ. ಗಾಡಿ ಕೆಳಗಿದ್ದರೆ ಗಾಳಿಯ ತಡೆ ಸ್ವಲ್ಪ ಕಮ್ಮಿ, ಸರಿ. ಆದರೆ ಆ ತಡೆ ದೊಡ್ಡದಾಗುವುದೇ ಸ್ಪೀಡ್ ಏರಿದಾಗ. ಸಿಲ್ಕ್ ಬೋರ್ಡ್‌ನಲ್ಲಿ ನಿಂತ ಗಾಡಿಗೆ ಅದರಿಂದ ಏನೂ ಸಿಗುವುದಿಲ್ಲ. ನನಗೂ ಸಿಗಲಿಲ್ಲ.

ಇನ್ನು ಹಂಪ್. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ರಸ್ತೆಗಳ ಅಳತೆ, ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಗಂಟೆಗೆ 25 ಕಿಲೋಮೀಟರ್‌ನಲ್ಲಿ ಆರಾಮಾಗಿ ದಾಟುವ ಹಾಗೆ ದುಂಡಗೆ ಇರಬೇಕು. ನಮ್ಮ ಪಿಕಪ್‌ಗಳು ಉದ್ದ. ಇಸುಜು ವಿ-ಕ್ರಾಸ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ 3,095 ಮಿಲಿಮೀಟರ್ ಅಂತರ, ಟೊಯೋಟಾ ಹೈಲಕ್ಸ್‌ನಲ್ಲಿ 3,085. ನಾನು ಕೂತು ಲೆಕ್ಕ ಹಾಕಿದೆ. ಅಷ್ಟು ಉದ್ದದ ಗಾಡಿ ಆ ಅಳತೆಯ ಹಂಪ್ ಮೇಲೆ ನಿಂತರೆ, ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತವೆ, ಹೊಟ್ಟೆಯ ಕೆಳಗೆ ಬರುವ ಉಬ್ಬು ಬರೀ 7 ಸೆಂಟಿಮೀಟರ್. ಇಳಿಸಿದ ಗಾಡಿಯೂ ದಾಟುತ್ತದೆ. ಆದರೆ ನಮ್ಮ ಕ್ರಾಸ್‌ಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್ ಹೇಗಿರುತ್ತದೆ ಗೊತ್ತಲ್ವಾ? ಒಂದು ಮೊಳ ಅಗಲ, ಗೋಡೆ ಥರ ಎತ್ತರ. ಮುಂದಿನ ಚಕ್ರ ದಾಟಿ ಕೆಳಗಿಳಿದು, ಹಿಂದಿನದು ಇನ್ನೂ ಆಚೆ ಇರುವಾಗ, ಆ ಪೂರ್ತಿ ಎತ್ತರ ಹೊಟ್ಟೆಯ ಕೆಳಗೆ ಬಂದು ನಿಲ್ಲುತ್ತದೆ. ನನ್ನ ಗಾಡಿಯ ಸೈಲೆನ್ಸರ್ ಪೈಪಿನ ಕೆಳಗೆ 23 ಸೆಂಟಿಮೀಟರ್ ಇದ್ದದ್ದು 17 ಚಿಲ್ಲರೆ ಆಗಿತ್ತು. ನಾಗರಬಾವಿಯಲ್ಲಿ ನಮ್ಮ ಮನೆ ಹತ್ತಿರದ ಸ್ಕೂಲ್ ಮುಂದಿನ ಹಂಪ್‌ನಲ್ಲಿ ಲೋಡ್ ಇದ್ದಾಗಲೆಲ್ಲ ಕರ್ರ್ ಅಂತ ಶಬ್ದ. ಪಕ್ಕದಲ್ಲಿ ನಿಂತ ಮಕ್ಕಳು ತಿರುಗಿ ನೋಡುತ್ತಿದ್ದರು.

ವೈಟ್ ಟಾಪಿಂಗ್ ಆದ ರಸ್ತೆಗಳಲ್ಲಿ ಓಡುವುದು ಸುಖ. ಅಲ್ಲಿಂದ ಕ್ರಾಸ್‌ಗೆ ತಿರುಗುವ ಜಾಗದಲ್ಲಿ ಕಾಂಕ್ರೀಟ್ ರಸ್ತೆ ಮೇಲೆ, ಹಳೇ ಡಾಂಬರು ಕೆಳಗೆ, ನಡುವೆ ಒಂದು ಮೆಟ್ಟಿಲು. ಅಲ್ಲಿ ಓರೆಯಾಗಿ, ಒಂದೊಂದೇ ಚಕ್ರ ಇಳಿಸಿಕೊಂಡು ಹೋಗಬೇಕು, ಹಿಂದೆ ಇರುವವರು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ.

ಒಂದು ವಿಷಯ ತುಂಬಾ ಜನ ತಪ್ಪು ತಿಳಿದಿದ್ದಾರೆ. ಹಿಂದಿನ ಆಕ್ಸಲ್ ನಡುವೆ ದಪ್ಪ ಗುಂಡು ಇದೆಯಲ್ಲ, ಡಿಫರೆನ್ಷಿಯಲ್, ಅದು ಸಸ್ಪೆನ್ಷನ್ ಇಳಿಸಿದರೆ ಒಂದು ಕೂದಲಷ್ಟೂ ಕೆಳಗೆ ಬರುವುದಿಲ್ಲ. ಅದು ಚಕ್ರದ ಜೊತೆಗೇ ಇರುತ್ತದೆ, ಅದರ ಎತ್ತರ ಟಯರ್ ನೋಡಿಕೊಳ್ಳುತ್ತದೆ. ಕೆಳಗೆ ಬರುವುದು ಚಾಸಿ, ಡೀಸೆಲ್ ಟ್ಯಾಂಕ್, ಸ್ಟೆಪ್ನಿ, ಸೈಲೆನ್ಸರ್. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಕೂಡ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರು ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ.

ಲೋಡ್ ವಿಷಯಕ್ಕೆ ಬರೋಣ, ನನ್ನ ಹೊಟ್ಟೆಪಾಡು ಅದು. 40 ಕಿಲೋದ ಎಂಟು ಚೀಲ ಮಣ್ಣು, ಒಟ್ಟು 320 ಕಿಲೋ. ಅಷ್ಟು ಹಾಕಿದರೆ ನನ್ನ ಗಾಡಿಯ ಹಿಂಬದಿ ಸುಮಾರು 38 ಮಿಲಿಮೀಟರ್ ಕೂರುತ್ತದೆ. ಇರುವುದು 14. ಅಂದರೆ ಎಂಟು ಚೀಲ ಬೀಳುವ ಮೊದಲೇ ಆಕ್ಸಲ್ ಹೋಗಿ ರಬ್ಬರಿಗೆ ಒರಗಿ ಕೂತಿರುತ್ತದೆ. ಅಲ್ಲಿಂದಾಚೆ ಅದು ಸ್ಪ್ರಿಂಗ್ ಇಲ್ಲದ ಎತ್ತಿನ ಗಾಡಿ. ಪ್ರತಿ ಗುಂಡಿಯ ಏಟೂ ನೇರವಾಗಿ ಚಾಸಿಗೆ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫ್ಲವರ್ ಶೋ ಸಮಯದಲ್ಲಿ ನನಗೆ ಕೆಲಸ ಜಾಸ್ತಿ, ಶೋ ನೋಡಿ ಬಂದವರಿಗೆ ಮನೆ ಮೇಲೆ ತೋಟ ಮಾಡುವ ಆಸೆ ಬರುತ್ತದೆ. ಆ ವಾರ ಮಣ್ಣಿನ ಜೊತೆ 40 ಕುಂಡ ರಾಜಾಜಿನಗರಕ್ಕೆ ತಗೊಂಡು ಹೋದೆ. ಹುಲ್ಲು ಹಾಸಿ ಜೋಡಿಸಿದ್ದೆ, ಮೊದಲೆಲ್ಲ ಹಾಗೇ ತಗೊಂಡು ಹೋಗುತ್ತಿದ್ದೆ. ಹನ್ನೊಂದು ಒಡೆದಿದ್ದವು. ಗಿರಾಕಿ ಒಳ್ಳೆಯವರು, ಏನೂ ಅನ್ನಲಿಲ್ಲ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಅಮೆರಿಕದಲ್ಲಿ ಪಿಕಪ್ ಇಳಿಸುವುದು ಹಳೇ ಹುಚ್ಚು. ಷೆವರ್ಲೆ ಸಿ-10 ಥರದ ಹಳೇ ಗಾಡಿಗಳನ್ನು ನೆಲ ಮುಟ್ಟುವ ಹಾಗೆ ಇಳಿಸಿ ಇಟ್ಟುಕೊಳ್ಳುತ್ತಾರೆ, ನೋಡಲು ಕಣ್ಣಿಗೆ ಹಬ್ಬ. ಅಲ್ಲಿ 1991ರಲ್ಲಿ ಕಂಪನಿಯೇ ತಗ್ಗಿಸಿ ಮಾಡಿದ ಒಂದು ಪಿಕಪ್ ಬಂತು, ಜಿಎಂಸಿ ಸೈಕ್ಲೋನ್. ಟರ್ಬೋ ಇಂಜಿನ್, ಬಾಣದ ಹಾಗೆ ಹೋಗುತ್ತಿತ್ತು. ಅದರಲ್ಲಿ ಹೊರಬಹುದಾದ ಭಾರ 500 ಪೌಂಡ್, ನಮ್ಮ ಲೆಕ್ಕದಲ್ಲಿ 227 ಕಿಲೋ. ಇದನ್ನು ಓದಿದಾಗ ನನ್ನ ಎಂಟು ಚೀಲ ನೆನಪಾಯಿತು. ಕಂಪನಿಯ ಇಂಜಿನಿಯರ್‌ಗಳೇ ಮಾಡಿದ ಗಾಡಿಯಲ್ಲೂ ನನ್ನ ಅರ್ಧ ದಿನದ ಮಣ್ಣು ಹಿಡಿಯುತ್ತಿರಲಿಲ್ಲ.

ಆದರೆ ಕುಂಡ ಒಡೆದದ್ದಕ್ಕೆ ನಾನು ಗಾಡಿ ಎತ್ತಿಸಲಿಲ್ಲ. ಎತ್ತಿಸಿದ್ದು ಬ್ರೇಕ್ ಕಾರಣಕ್ಕೆ. ಇದನ್ನು ದಯವಿಟ್ಟು ಪೂರ್ತಿ ಕೇಳಿ.

ಸೆಪ್ಟೆಂಬರ್ ಸಂಜೆ, ಸಣ್ಣ ಮಳೆ, ಔಟರ್ ರಿಂಗ್ ರೋಡ್, ಗಾಡಿ ಖಾಲಿ. ಮುಂದಿನ ಬೈಕ್ ಸಡನ್ನಾಗಿ ನಿಧಾನ ಮಾಡಿತು, ನಾನು ಬ್ರೇಕ್ ಒತ್ತಿದೆ, ಹಿಂದಿನ ಚಕ್ರ ಲಾಕ್ ಆಗಿ ಗಾಡಿಯ ಬಾಲ ಬಲಕ್ಕೆ ಹೋಗಿಬಿಟ್ಟಿತು. ಪಕ್ಕದ ಲೇನ್‌ನಲ್ಲಿ ಆ ಕ್ಷಣಕ್ಕೆ ಯಾರೂ ಇರಲಿಲ್ಲ, ಅಷ್ಟೇ. ಮೂರು ವರ್ಷದಲ್ಲಿ ಒಂದು ಸಲವೂ ಹೀಗೆ ಆಗಿರಲಿಲ್ಲ.

ಈ ಸರಳು ನೋಡಿ, ಆಕ್ಸಲ್‌ನಿಂದ ಮೇಲಕ್ಕೆ ಹೋಗಿದೆ. ಇದರ ತುದಿಯಲ್ಲಿ ಇರುವುದು ಲೋಡ್ ಸೆನ್ಸಿಂಗ್ ವಾಲ್ವ್. ಖಾಲಿ ಪಿಕಪ್‌ನ ಹಿಂಬದಿ ಹಗುರ, ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಹೋಗಿ ಇನ್ನೂ ಹಗುರ. ಆಗ ಹಿಂದಿನ ಬ್ರೇಕಿಗೆ ಒತ್ತಡ ಕಮ್ಮಿ ಇರಬೇಕು. ಲೋಡ್ ಇದ್ದಾಗ ಜಾಸ್ತಿ ಬೇಕು. ಲೋಡ್ ಇದೆಯೋ ಇಲ್ಲವೋ ಅಂತ ವಾಲ್ವ್‌ಗೆ ತಿಳಿಯುವುದು ಒಂದೇ ದಾರಿಯಲ್ಲಿ, ಚಾಸಿ ಆಕ್ಸಲ್‌ಗೆ ಎಷ್ಟು ಹತ್ತಿರ ಬಂದಿದೆ ಅಂತ. ನಾನು ಮೂರು ಇಂಚು ಇಳಿಸಿದೆ. ಅವತ್ತಿನಿಂದ ಆ ವಾಲ್ವ್ ನನ್ನ ಖಾಲಿ ಗಾಡಿಯಲ್ಲಿ ಪೂರ್ತಿ ಲೋಡ್ ಇದೆ ಅಂತಲೇ ತಿಳಿದಿತ್ತು. ಒಣ ರಸ್ತೆಯಲ್ಲಿ ಗೊತ್ತಾಗಲಿಲ್ಲ, ಮಳೆಯಲ್ಲಿ ಗೊತ್ತಾಯಿತು. ಇಳಿಸಿದವರು ಇದನ್ನು ಹೊಸ ಎತ್ತರಕ್ಕೆ ಸೆಟ್ ಮಾಡಿರಲಿಲ್ಲ, ಕೇಳಬೇಕು ಅಂತ ನನಗೂ ತಿಳಿದಿರಲಿಲ್ಲ. ಹಲವು ಹೊಸ ಗಾಡಿಗಳಲ್ಲಿ ಈ ಕೆಲಸ ಎಲೆಕ್ಟ್ರಾನಿಕ್ ಆಗಿ ನಡೆಯುತ್ತದೆ. ನಿಮ್ಮ ಗಾಡಿಯಲ್ಲಿ ಈ ಸರಳು ಇದೆಯಾ ಅಂತ ಇವತ್ತೇ ಬಗ್ಗಿ ನೋಡಿ.

ಇನ್ನುಳಿದದ್ದು ಬೇಗ ಹೇಳಿಬಿಡುತ್ತೇನೆ. ಮುಂದೆ ಇಳಿಸಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡುವ ಕೆಲಸ, ಮಾಡಿಸಲೇಬೇಕು. ನಾನು ತಡ ಮಾಡಿದೆ, ಮುಂದಿನ ಎರಡೂ ಟಯರ್ ಒಳಗಿನ ಅಂಚು ಸವೆದು ಹೋದವು. ಹಿಂದೆ ಜಾಸ್ತಿ ಇಳಿದಿದ್ದರಿಂದ ಹೆಡ್‌ಲೈಟ್ ಮೇಲಕ್ಕೆ ಎದ್ದಿತ್ತು, ಎದುರಿನವರಿಗೆ ಕಣ್ಣು ಕುಕ್ಕುತ್ತಿತ್ತು, ಅದನ್ನು ಮೊದಲ ರಾತ್ರಿಯೇ ಸರಿ ಮಾಡಿಸಿದೆ. ಹಳೇ ಅಳತೆಯ ಶಾಕ್ ಅಬ್ಸಾರ್ಬರ್ ಐದನೇ ತಿಂಗಳಿಗೆ ಆಯಿಲ್ ಸೋರಿತು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೈಮ್ ಸಮಯದಲ್ಲಿ ತಕರಾರು ಬರಬಹುದು. ಮಾಡಿಸುವುದೇ ಆದರೆ ಮೊದಲು ಆರ್‌ಟಿಒದಲ್ಲಿ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ನಾನು ಕೇಳದೆ ಮಾಡಿಸಿದೆ, ಅದು ತಪ್ಪು.

ಲೋಡ್ ಹಾಕದೆ, ಬರೀ ಹೈವೇಯಲ್ಲಿ ಓಡಿಸುವವರಾದರೆ, ಒಂದು ಇಂಚು, ಜಾಸ್ತಿ ಅಂದರೆ ಒಂದೂವರೆ. ಅದಕ್ಕೂ ಒಳ್ಳೆ ಸ್ಪ್ರಿಂಗ್, ಅದಕ್ಕೆ ಸರಿಯಾದ ಶಾಕ್, ಅಲೈನ್‌ಮೆಂಟ್, ಆ ವಾಲ್ವ್, ಇಷ್ಟೂ ಒಂದೇ ದಿನ ಆಗಬೇಕು. ಮಣ್ಣು, ಸಿಮೆಂಟ್, ತರಕಾರಿ ಹೊರುವ ಗಾಡಿ ಆದರೆ ಬೇಡ ಅಂತಲೇ ಹೇಳುತ್ತೇನೆ.

ಇಳಿಸಿದ್ದಕ್ಕೂ ಎತ್ತಿಸಿದ್ದಕ್ಕೂ ಸೇರಿ ನನಗೆ 46 ಸಾವಿರ ಆಯಿತು. ಅಮ್ಮನಿಗೆ ಜೆಸಿ ರೋಡಿನಲ್ಲಿ ಅಗಲವಾದ ಫುಟ್‌ಬೋರ್ಡ್ ತಗೊಂಡು ಹಾಕಿಸಿದೆ, ಬಾಗಿಲ ಕಂಬಕ್ಕೆ ಒಂದು ಹಿಡಿಯೂ ಇದೆ. ಕುಂಡಗಳಿಗೆ ಒಂದು ಗಟ್ಟಿ ಹಲಗೆ, ಕೆಳಗೆ ಚಕ್ರ ಇರುವ ಸಣ್ಣ ತಳ್ಳುಗಾಡಿ. ಇಷ್ಟನ್ನು ಮೊದಲೇ ಮಾಡಬಹುದಿತ್ತು, ನನಗೆ ಹೊಳೆಯಲಿಲ್ಲ. ನೈಸ್ ರೋಡಿನ ಆ ತಿರುವಿನಲ್ಲಿ ಈಗಲೂ ಹಳೆಯ ಹಾಗೇ ವಾಲುತ್ತದೆ, ಅಲ್ಲಿ ಪ್ರತಿ ಸಲ ಆ ಏಳು ತಿಂಗಳು ನೆನಪಾಗುತ್ತದೆ.

ಸರಿ, ಎಂಟು ಚೀಲ ಹಾಕಿ ಆಯಿತು. ಮತ್ತೆ ಟೇಪ್ ಹಿಡಿಯುತ್ತೇನೆ. 52 ಮಿಲಿಮೀಟರ್ ಉಳಿದಿದೆ. ಅಮ್ಮ ಹತ್ತಿ ಕೂತಿದ್ದಾರೆ. ಸ್ಕೂಲ್ ಮುಂದಿನ ಹಂಪ್ ಬಂತು, ಮೈಕ್ ಆನ್ ಇದೆ, ನಾನು ಸುಮ್ನೆ ಇರುತ್ತೇನೆ, ನೀವೇ ಕೇಳಿ.