ಹಿತ್ತಲಿನಲ್ಲಿ ಮೀನು, ಮೀನಿನ ನೀರಿನಲ್ಲಿ ಬಸಳೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆ ಇರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಹಿತ್ತಲು ದೊಡ್ಡದಲ್ಲ. ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ನಾಲ್ಕು ತೆಂಗಿನಮರ, ಮೂಲೆಯಲ್ಲಿ ಬಸಳೆ ಚಪ್ಪರ. ಆ ಬಸಳೆಯ ಬುಡದಲ್ಲಿ ಮಣ್ಣಿಲ್ಲ. ಬೇರುಗಳು ಒಡೆದ ಹಂಚಿನ ಚೂರುಗಳ ನಡುವೆ ಇಳಿದಿವೆ. ಸಗಣಿ ಗೊಬ್ಬರ ಹಾಕಿಲ್ಲ, ಯೂರಿಯಾ ಹಾಕಿಲ್ಲ, ಅದರ ಊಟವೆಲ್ಲ ಹೆಚ್ಚುಕಡಿಮೆ ಕೆಳಗಿನ ಟ್ಯಾಂಕಿನಲ್ಲಿರುವ 20 ಗೆಂಡೆ ಮೀನುಗಳಿಂದ ಬರುತ್ತದೆ. ಮೀನಿನ ನೀರನ್ನು ಪಂಪಿನಿಂದ ಗಿಡದ ಬುಡಕ್ಕೆ ಏರಿಸಿ, ಮತ್ತೆ ಮೀನಿನ ಟ್ಯಾಂಕಿಗೇ ಇಳಿಸುವುದು. ಇದಕ್ಕೆ ಆಕ್ವಾಪೋನಿಕ್ಸ್ ಅಂತ ಹೆಸರು.

ಹೆಸರು ಹೊಸದು. ಆದರೆ ನಮ್ಮ ಕಡೆಯವರಿಗೆ ವಿಷಯ ತೀರಾ ಹೊಸದಲ್ಲ. ಇಲ್ಲಿ ಗಜನಿ ಭೂಮಿ ಅಂತ ಇದೆ, ಉಪ್ಪುನೀರು ಬಂದು ಹೋಗುವ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಮೀನಿನ ಹೇಸಿಗೆ ಭತ್ತಕ್ಕೆ, ಭತ್ತದ ಕೂಳೆ ಮೀನಿಗೆ. ಹಿತ್ತಲಿನಲ್ಲಿ ಅದನ್ನೇ ಒಂದು ಟ್ಯಾಂಕು, ಒಂದು ಪಂಪು ಇಟ್ಟು ಮಾಡುವುದು, ಅಷ್ಟೇ ವ್ಯತ್ಯಾಸ.

ಕಟ್ಟುವುದು ಹೇಗೆ ಅನ್ನುವುದಕ್ಕಿಂತ ಮೊದಲು, ನನ್ನ ಮೊದಲ ಮೀನುಗಳು ಯಾಕೆ ಸತ್ತವು ಅಂತ ಹೇಳಬೇಕು. ನಾಲ್ಕು ವರ್ಷದ ಹಿಂದಿನ ಮಾತು. ಟ್ಯಾಂಕು ತಂದೆವು, ಬಾವಿ ನೀರು ತುಂಬಿದೆವು, ಪಂಪು ಓಡಿತು, ನನಗೆ ಸಂಭ್ರಮ. ಮೂರನೆಯ ದಿನವೇ 25 ಮರಿ ತಂದು ಬಿಟ್ಟೆ. ಆರನೆಯ ದಿನ ಅವು ಮೇಲೆ ಬಂದು ಬಾಯಿ ಕಳೆದು ಗುಟುಕರಿಸತೊಡಗಿದವು. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಬಹಳಷ್ಟು ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು. ಅದೇ ನನಗೆ ಅರ್ಥವಾಗದ್ದು. ಅಷ್ಟು ತಿಳಿ ನೀರಿನಲ್ಲಿ ಮೀನು ಸಾಯುವುದು ಯಾಕೆ?

ಕಾರಣ ಇದು. ಮೀನು ತಿಂದದ್ದು ಅಮೋನಿಯಾ ಆಗಿ ಹೊರಗೆ ಬರುತ್ತದೆ, ಜಾಸ್ತಿ ಪಾಲು ಅದರ ಕಿವಿರಿನಿಂದಲೇ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ, ಆದರೆ ಮೀನಿಗೆ ವಿಷ. ನೀರಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದರೆ ಅದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ಮೀನಿನ ರಕ್ತ ಉಸಿರು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಬಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಮೀನಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಗಿಡಕ್ಕೆ ಮಾತ್ರ ಒಳ್ಳೆಯ ಊಟ. ಈ ಎರಡೂ ಜಾತಿ ಹಂಚಿನ ಚೂರಿನ ಮೇಲೆ, ಪೈಪಿನ ಒಳಗೆ, ಎಲ್ಲ ಕಡೆ ಅಂಟಿಕೊಂಡು ನೆಲೆ ನಿಲ್ಲುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಮೂರು ದಿನ.

ಸತ್ತ ಮರಿಗಳನ್ನು ತೆಂಗಿನ ಬುಡಕ್ಕೆ ಹೂಳುವಾಗ ಅತ್ತೆ ಕೇಳಿದರು, "ಹೆಪ್ಪು ಹಾಕದೇ ಹಾಲು ಮೊಸರಾಗ್ತದಾ ಮಗಾ?" ಅವರಿಗೆ ನೈಟ್ರೈಟ್ ಗೊತ್ತಿಲ್ಲ, ಆದರೆ ನಾನು ಅವಸರ ಮಾಡಿದ್ದು ಗೊತ್ತಾಗಿತ್ತು. ಹೊನ್ನಾವರದ ಕಡೆ ಪರಿಚಯದವರೊಬ್ಬರ ಮನೆಯಲ್ಲಿ ಇಂಥದ್ದೇ ಒಂದು ಎರಡು ವರ್ಷದಿಂದ ಚೆನ್ನಾಗಿ ನಡೆಯುತ್ತಿತ್ತು. ಅಲ್ಲಿಂದ ಒಂದು ಬಕೆಟ್ ಜಲ್ಲಿಯನ್ನು ನೀರಿನ ಸಮೇತ ತಂದು, ನಮ್ಮ ಹಂಚಿನ ಚೂರಿನ ಜೊತೆ ಬೆರೆಸಿದೆ. ಒಣಗಲು ಬಿಡಬಾರದು, ಒಣಗಿದರೆ ಹೆಪ್ಪು ಸತ್ತಂತೆ. ಮೀನು ಬಿಡದೆ, ದಿನಾ ಒಂದು ಚಮಚ ಮೀನಿನ ಆಹಾರವನ್ನು ಸುಮ್ನೆ ಟ್ಯಾಂಕಿಗೆ ಹಾಕುತ್ತಾ ಬಂದೆ. ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಟೆಸ್ಟ್ ಕಿಟ್‌ನಲ್ಲಿ ಎರಡು ದಿನಕ್ಕೊಮ್ಮೆ ನೋಡಿದೆ. ಮೊದಲು ಅಮೋನಿಯಾ ಏರಿತು, ಇಳಿಯಿತು. ಅದು ಇಳಿಯುವಾಗ ನೈಟ್ರೈಟ್ ಏರಿತು. ಕೊನೆಗೆ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ತೋರಿಸಿತು. ಆ ದಿನ ಮೀನು ತರಬಹುದು. ಅದಕ್ಕೆ ಮೊದಲು ಬೇಡ, ದಯವಿಟ್ಟು ಬೇಡ.

ಈಗ ಕಟ್ಟುವ ವಿಷಯ. ಕಬ್ಬಿಣದ ಪಂಜರದೊಳಗೆ ಕೂರಿಸಿದ 1000 ಲೀಟರಿನ ಬಿಳಿ ಚೌಕ ಟ್ಯಾಂಕು ಗುಜರಿಯಲ್ಲಿ ಸಿಗುತ್ತದೆ, ನೋಡಿರಬಹುದು. ಒಳಗೆ ಮೊದಲು ಏನು ತುಂಬಿದ್ದರು ಅಂತ ಕೇಳಿ ತಿಳಿದುಕೊಳ್ಳಿ. ಎಣ್ಣೆ, ಸಿರಪ್ಪು ಅಂದರೆ ತೊಳೆದು ಬಳಸಬಹುದು. ಕೆಮಿಕಲ್ ಅಂದರೆ, ಅಥವಾ ಗೊತ್ತಿಲ್ಲ ಅಂದರೆ, ಬಿಟ್ಟುಬಿಡಿ. ಮೇಲಿನಿಂದ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಕತ್ತರಿಸಿ ಆ ಭಾಗವನ್ನು ಬೋರಲು ಮಾಡಿದರೆ ಅದೇ ಗಿಡದ ತೊಟ್ಟಿ. ಕೆಳಗೆ ಉಳಿದದ್ದು ಮೀನಿನ ಟ್ಯಾಂಕು, ಸುಮಾರು 700 ಲೀಟರು. ತೊಟ್ಟಿಯನ್ನು ಟ್ಯಾಂಕಿಗಿಂತ ಎತ್ತರದಲ್ಲಿ ಕೂರಿಸಬೇಕು, ನಾವು ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನಾಲ್ಕು ಕಂಬ ಕಟ್ಟಿಸಿದೆವು. ಇಲ್ಲಿ ಉಳಿತಾಯ ನೋಡಬೇಡಿ. ಜಲ್ಲಿ ತುಂಬಿ ನೀರು ಬಿಟ್ಟರೆ ಅರ್ಧ ಟನ್ನಿಗಿಂತ ಜಾಸ್ತಿ ಭಾರ ಆಗುತ್ತದೆ.

ತೊಟ್ಟಿಗೆ ಏನು ತುಂಬುವುದು? ಒಂದು ಅಡಿ ಆಳಕ್ಕೆ, 10ರಿಂದ 20 ಮಿಲಿಮೀಟರ್ ಗಾತ್ರದ ಜಲ್ಲಿ. ನಮ್ಮಲ್ಲಿ ಹಳೆಯ ಮಾಡು ಇಳಿಸಿದಾಗ ಬಂದ ಹಂಚು ರಾಶಿ ಬಿದ್ದಿತ್ತು, ಅದನ್ನೇ ಒಡೆದು, ಚೆನ್ನಾಗಿ ತೊಳೆದು ಹಾಕಿದೆವು. ಹಗುರ, ಒಳಗೆಲ್ಲ ಸಣ್ಣ ಸಣ್ಣ ರಂಧ್ರ, ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮನೆ. ಯಾವ ಕಲ್ಲಾದರೂ ಮೊದಲು ಅದರ ಮೇಲೆ ಸ್ವಲ್ಪ ವಿನೆಗರ್ ಸುರಿದು ನೋಡಿ. ನೊರೆ ಎದ್ದರೆ ಅದು ಸುಣ್ಣದ ಕಲ್ಲು, ತುಂಬಬೇಡಿ. ಕಲಬುರಗಿ ಕಡೆಯ ಕೇಳುಗರು ಶಹಾಬಾದ್ ಕಲ್ಲಿನ ಚೂರು ಬಳಸಬಾರದು ಅನ್ನುವುದು ಇದಕ್ಕೇ.

ಪಂಪು ನೀರನ್ನು ಮೇಲೆತ್ತುತ್ತದೆ, ತೊಟ್ಟಿ ತುಂಬುತ್ತದೆ. ತುಂಬಿದ ನೀರು ಮತ್ತೆ ಪೂರ್ತಿ ಖಾಲಿಯಾಗಬೇಕು, ಆಗಲೇ ಬೇರಿಗೆ ಗಾಳಿ ಸಿಗುವುದು. ಇದಕ್ಕೆ ಒಂದು ಚಂದದ ಉಪಾಯ ಇದೆ, ಬೆಲ್ ಸೈಫನ್ ಅಂತ. ವಾಸುದೇವ ಬಟ್ಟಲು ನೋಡಿದ್ದೀರಾ? ಬಟ್ಟಲಿನ ನಡುವೆ ಮಗು ಕೃಷ್ಣನನ್ನು ಹೊತ್ತ ವಸುದೇವ, ನೀರು ಏರಿ ಕೃಷ್ಣನ ಪಾದ ಮುಟ್ಟುತ್ತಲೇ ಬಟ್ಟಲಿನ ನೀರೆಲ್ಲ ಇಳಿದು ಹೋಗುತ್ತದೆ. ಅದೇ ಕೆಲಸ ಇಲ್ಲಿ ಪಿವಿಸಿ ಪೈಪು ಮಾಡುತ್ತದೆ. ತೊಟ್ಟಿಯ ತಳಕ್ಕೆ ಮುಕ್ಕಾಲು ಅಡಿ ಎತ್ತರದ ಒಂದು ಪೈಪು, ಅದರ ಮೇಲೆ ಬಾಯಿ ಮುಚ್ಚಿದ, ಬುಡದಲ್ಲಿ ಕಚ್ಚು ಹಾಕಿದ ದಪ್ಪ ಪೈಪು, ಜಲ್ಲಿ ಒಳಗೆ ಬಾರದ ಹಾಗೆ ಸುತ್ತಲೂ ತೂತು ಕೊರೆದ ಇನ್ನೊಂದು ಪೈಪು. ನೀರು ಒಳಪೈಪಿನ ತುದಿ ಮುಟ್ಟಿದಾಗ ಗೊಳಗೊಳ ಸದ್ದು ಮಾಡುತ್ತಾ ಎಲ್ಲ ಕೆಳಗಿಳಿಯುತ್ತದೆ, ಬುಡದಲ್ಲಿ ಗಾಳಿ ಹೊಕ್ಕಾಗ ನಿಲ್ಲುತ್ತದೆ, ಮತ್ತೆ ತುಂಬಲು ಶುರು. ಮೊದಲ ಸಲ ಅದು ತಾನಾಗಿ ಇಳಿದಾಗ ಮನೆಯವರೆಲ್ಲ ಹಿತ್ತಲಿಗೆ ಬಂದು ನಿಂತು ನೋಡಿದೆವು. ಸೈಫನ್ ಹೊಂದಿಸುವುದು ಕಷ್ಟ ಅನಿಸಿದರೆ ಟೈಮರ್ ಹಾಕಿ ಪಂಪನ್ನು ಗಂಟೆಗೆ 15 ನಿಮಿಷ ಓಡಿಸಿದರೂ ನಡೆಯುತ್ತದೆ, ತಳದಲ್ಲಿ ನೀರು ಸೋರಿ ಹೋಗಲು ಸಣ್ಣ ತೂತು ಇದ್ದರೆ ಸಾಕು. ಪಂಪು ಗಂಟೆಗೆ ಒಂದು ಸಲವಾದರೂ ಟ್ಯಾಂಕಿನಷ್ಟು ನೀರು ಎತ್ತುವಂಥದ್ದಿರಲಿ. ಡಬ್ಬದ ಮೇಲೆ ಬರೆದ ಅಳತೆಯನ್ನು ನಂಬಿ ಕೂರಬೇಡಿ, ಎತ್ತರಕ್ಕೆ ಏರಿಸಿದಂತೆ ನೀರು ಕಡಿಮೆ ಬರುತ್ತದೆ.

ನೀರಿನ ಮಾತು ಊರಿಂದ ಊರಿಗೆ ಬೇರೆ. ನಮ್ಮ ಚಿರೇಕಲ್ಲು ನೆಲದ ಬಾವಿ ನೀರು ಮೆತ್ತಗಿನದು, ಸ್ವಲ್ಪ ಹುಳಿಯ ಕಡೆ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಮಾಡುತ್ತಾ ನೀರನ್ನು ಇನ್ನೂ ಹುಳಿ ಮಾಡುತ್ತದೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಅದರ ಕೆಲಸವೇ ನಿಧಾನವಾಗಿ ಅಮೋನಿಯಾ ಏರುತ್ತದೆ. 7ರ ಆಸುಪಾಸು ಇದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ ಒಗ್ಗುತ್ತದೆ. ಅದಕ್ಕೆ ನಾವು ಮಾಡಿದ್ದು ಇಷ್ಟೇ, ಅಘನಾಶಿನಿಯ ಬಳಚಿನ ಚಿಪ್ಪನ್ನು ತೊಳೆದು, ನೈಲಾನ್ ಚೀಲದಲ್ಲಿ ಕಟ್ಟಿ ಟ್ಯಾಂಕಿನಲ್ಲಿ ಇಳಿಬಿಟ್ಟೆವು. ಚಿಪ್ಪು ಅಂದರೆ ಸುಣ್ಣ, ನೀರು ಹುಳಿಯಾದಷ್ಟೂ ತಾನೇ ಕರಗುತ್ತದೆ. ಜಾಸ್ತಿಯಾಯಿತು ಅನಿಸಿದರೆ ಚೀಲ ಎತ್ತಿಬಿಡಬಹುದು. ಆದರೆ ಕೋಲಾರ, ಚಿತ್ರದುರ್ಗದ ಕಡೆ ಗಡಸು ಬೋರ್‌ವೆಲ್ ನೀರು ಇರುವವರು ಚಿಪ್ಪು ಹಾಕಬೇಡಿ, ಅಲ್ಲಿ ಮಳೆನೀರು ಬೆರೆಸುವುದು ಒಳ್ಳೆಯದು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ತೆರೆದಿಡಿ. ನಮ್ಮ ಹಾಗೆ ಹೊಳೆಬಾಯಿಯ ಹತ್ತಿರ ಇರುವವರು ಬೇಸಿಗೆಯಲ್ಲಿ ಉಪ್ಪು ಹತ್ತಿದ ಬಾವಿ ನೀರನ್ನು ಗಿಡಕ್ಕೆ ಬಿಡಬೇಡಿ.

ಇನ್ನು ಮೀನು. ತುಂಬಾ ಜನ ಕಾಟ್ಲಾ, ರೋಹು ಕೇಳುತ್ತಾರೆ. ಅವು ಕೆರೆಯ ಮೀನು, ಇಷ್ಟು ಸಣ್ಣ ಟ್ಯಾಂಕಿನಲ್ಲಿ ಮೈ ಹಿಡಿಯುವುದಿಲ್ಲ. ನಾನು ಸಾಮಾನ್ಯ ಗೆಂಡೆ ಹಿಡಿದುಕೊಂಡಿದ್ದೇನೆ, ಸಣ್ಣಪುಟ್ಟ ತಪ್ಪು ತಡೆದುಕೊಳ್ಳುತ್ತದೆ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಬೇಗ ಬೆಳೆಯುತ್ತದೆ ನಿಜ, ಆದರೆ ಅದನ್ನು ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು, ತಾಲ್ಲೂಕು ಕಚೇರಿಯಲ್ಲಿ ಮೊದಲೇ ಕೇಳಿ. ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದೆ, ಯಾರು ಕೊಟ್ಟರೂ ತರಬೇಡಿ. ಮತ್ತೆ, ಯಾವ ಮೀನನ್ನೂ ಸಾಕಾಯಿತು ಅಂತ ಹೊಳೆಗೋ ಕೆರೆಗೋ ಬಿಡಬೇಡಿ. ಮೀನು ತಿನ್ನದ ಮನೆಯವರೂ ಇದನ್ನು ಮಾಡಬಹುದು, ಬಣ್ಣದ ಕೋಯಿ ಮೀನು ಸಾಕಿ ತರಕಾರಿ ಮಾತ್ರ ಕೊಯ್ದುಕೊಳ್ಳಬಹುದು. ಕೋಯಿಯೂ ಗೆಂಡೆಯ ಜಾತಿಯೇ.

700 ಲೀಟರಿಗೆ 20 ಮೀನು ಸಾಕು. ದಿನಕ್ಕೆ ಎರಡು ಹೊತ್ತು ತೇಲುವ ಆಹಾರ, ಐದು ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಉಳಿದರೆ ಬಲೆಯಿಂದ ತೆಗೆದುಬಿಡಿ. ಒಂದು ಚದರ ಮೀಟರಿನಷ್ಟು ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಆಹಾರ ತಿನ್ನುವ ಮೀನು ಇರಬೇಕು, ಬದನೆ, ಟೊಮೆಟೊದಂಥ ಕಾಯಿಗಿಡಕ್ಕೆ ಅದಕ್ಕಿಂತ ಜಾಸ್ತಿ. ಅದಕ್ಕೇ ಮೊದಲ ಆರು ತಿಂಗಳು ಸೊಪ್ಪು ಮಾತ್ರ ಬೆಳೆಯಿರಿ. ಬಸಳೆ, ಹರಿವೆ, ಪುದೀನ, ಒಂದೆಲಗ. ಬಸಳೆಯ ಬಳ್ಳಿ ತುಂಡು ಮಾಡಿ ಚೂರುಗಳ ನಡುವೆ ಚುಚ್ಚಿದರೆ ಸಾಕು, ಹಿಡಿದುಕೊಳ್ಳುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ, ಮೀನಿನ ಆಹಾರದಲ್ಲಿ ಕಬ್ಬಿಣ ಸಾಕಷ್ಟು ಇರುವುದಿಲ್ಲ. ಚಿಲೇಟೆಡ್ ಕಬ್ಬಿಣ ಅಂತ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಟ್ಯಾಂಕಿನ ನೀರು ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣದ ಲೆಕ್ಕದಲ್ಲಿ ಎರಡು ಮೂರು ವಾರಕ್ಕೊಮ್ಮೆ.

ಅಡಿಕೆ ತೋಟ ಇರುವವರಿಗೆ ಒಂದು ಮಾತು, ಇದನ್ನು ಜೋರಾಗಿ ಹೇಳಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಕ್ಯಾನು, ಬಕೆಟ್, ಪೈಪು, ಯಾವುದನ್ನೂ ಈ ನೀರಿನ ಹತ್ತಿರ ತರಬೇಡಿ. ಅದರಲ್ಲಿ ಮೈಲುತುತ್ತ ಇದೆ, ತಾಮ್ರ. ಸ್ವಲ್ಪವೇ ತಾಮ್ರ ಸಾಕು, ಮೀನು ಸಾಯುತ್ತದೆ. ಬೇವಿನ ಎಣ್ಣೆ, ಸಾಬೂನು ನೀರು ಕೂಡ ಬೇಡ. ಹುಳ ಬಂದರೆ ಬೆಳಿಗ್ಗೆ ಕೈಯಿಂದ ಆರಿಸಿ ಮೀನಿಗೇ ಹಾಕಿ, ಎಲೆಗೆ ಸಸ್ಯಹೇನು ಬಂದರೆ ನೀರು ಚಿಮ್ಮಿಸಿ ತೊಳೆಯಿರಿ.

ಕರೆಂಟಿನ ಚಿಂತೆ ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಒಂದೊಂದು ಸಲ ಎರಡು ದಿನ ಕರೆಂಟ್ ಇಲ್ಲ. ಪಂಪು ನಿಂತರೆ ನೀರಿನ ಗಾಳಿ ಕಡಿಮೆಯಾಗುತ್ತದೆ, ಬೆಳಗಿನ ಜಾವ ಮೀನು ಮೇಲೆ ಬಂದು ಒದ್ದಾಡುತ್ತದೆ. ಬ್ಯಾಟರಿಯಲ್ಲಿ ಓಡುವ ಸಣ್ಣ ಗಾಳಿ ಪಂಪು ಒಂದನ್ನು ಮೀನು ತರುವ ಮೊದಲೇ ತಂದಿಡಿ. ಅದೂ ಇಲ್ಲದ ದಿನ ಆಹಾರ ನಿಲ್ಲಿಸಿ, ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿಯಬೇಕು. ಒಂದು ರಾತ್ರಿ ನಾನು, ಅತ್ತೆ, ಮಗ ಸರದಿ ಹಾಕಿಕೊಂಡು ಬೆಳಗಿನವರೆಗೆ ಹಾಗೆ ಮಾಡಿದ್ದೇವೆ. ಒಂದು ಮೀನೂ ಹೋಗಲಿಲ್ಲ.

ಟ್ಯಾಂಕಿಗೆ ನೆರಳು ಬೇಕು, ಮೇಲೆ ಬಲೆ ಬೇಕು. ಮಿಂಚುಳ್ಳಿ, ಬೆಳ್ಳಕ್ಕಿ, ಬೆಕ್ಕು, ಮೂರೂ ಬರುತ್ತವೆ. ನಮ್ಮಂಥ ಮಳೆಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಪಾರದರ್ಶಕ ಶೀಟು ಹಾಕಬೇಕು, ಇಲ್ಲದಿದ್ದರೆ ತೊಟ್ಟಿಯೆಲ್ಲ ಮಳೆನೀರೇ. ಬೇಸಿಗೆಯಲ್ಲಿ ದಿನಕ್ಕೆ ಒಂದು ಕೊಡ ನೀರು ಸೇರಿಸಿದರೆ ಆಯಿತು, ನೀರು ಸುತ್ತುತ್ತಲೇ ಇರುತ್ತದಲ್ಲ.

ಲಾಭ ಎಷ್ಟು ಅಂತ ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಇಷ್ಟು ಸಣ್ಣದರಿಂದ ದುಡ್ಡು ಮಾಡಲು ಆಗುವುದಿಲ್ಲ. ವರ್ಷಕ್ಕೆ ಲಕ್ಷ ಬರುತ್ತದೆ ಅಂತ ಕಿಟ್ ಮಾರಲು ಬಂದವರ ಮಾತು ಕೇಳಿ ಸಾಲ ಮಾಡಬೇಡಿ. ಮನೆಗೆ ಸೊಪ್ಪು, ಆಗಾಗ ಸಾರಿಗೆ ಮೀನು, ಅಷ್ಟಕ್ಕೆ ಇದು ಒಳ್ಳೆಯದು, ಅಷ್ಟು ನನಗೆ ಬೇಕಾದಷ್ಟಾಯಿತು.

ಈ ವರ್ಷ ಮಳೆ ಬಿಟ್ಟ ಮೇಲೆ ಪಕ್ಕದ ಮನೆಯ ಸೊಸೆ ಶುರು ಮಾಡಿದ್ದಾಳೆ. ನಮ್ಮ ತೊಟ್ಟಿಯಿಂದ ಒಂದು ಬಕೆಟ್ ಹಂಚಿನ ಚೂರು ಒಯ್ದಳು, ಹೆಪ್ಪಿಗೆ. ನಿನ್ನೆ ಸಂಜೆ ಬೇಲಿಯ ಆಚೆಯಿಂದ ಕೂಗಿದಳು, "ಅಕ್ಕಾ, ನೈಟ್ರೈಟ್ ಸೊನ್ನೆ ತೋರಿಸ್ತಾ ಇದೆ, ಮರಿ ತರಬಹುದಾ?" ಇನ್ನೂ ಮೂರು ದಿನ ನೋಡು, ಮೂರು ದಿನವೂ ಸೊನ್ನೆಯೇ ಇದ್ದರೆ ಭಾನುವಾರ ಇಬ್ಬರೂ ಹೋಗಿ ತರೋಣ ಅಂದೆ.

ನಮಸ್ಕಾರ.