ಫ್ಲಾರೆನ್ಸ್‌ಗೆ ಮೂರು ದಿನ: ಒಂದು ಜಗಳದ ಬೆನ್ನು ಹತ್ತಿ

ನಮಸ್ಕಾರ. ಟೇಬಲ್ ಮೇಲೆ ಹರಡಿರೋದು ಫ್ಲಾರೆನ್ಸ್ ನಕ್ಷೆ. ಅಕ್ಟೋಬರ್‌ನಲ್ಲಿ ಅವ್ವನ್ನ ಕರ್ಕೊಂಡು ಇಟಲಿಗೆ ಹೊರಟಿದೀನಿ. ಅದ್ರಲ್ಲಿ ಈ ಊರಿಗೆ ಸಿಗೋದು ಮೂರೇ ದಿನ. ಇಲ್ಲಿರೋ ಮ್ಯೂಸಿಯಂ, ಚರ್ಚು, ಅರಮನೆಗಳ ಪಟ್ಟಿ ಮಾಡ್ತಾ ಕೂತ್ರೆ ತಿಂಗಳು ಸಾಲಲ್ಲ. ಅದಕ್ಕೇ ಪಟ್ಟಿ ಬಿಟ್ಟು, ಒಂದು ಜಗಳ ಹಿಡ್ಕೊಂಡು ಪ್ಲಾನ್ ಮಾಡಿದೀನಿ. ಆರುನೂರು ವರ್ಷದ ಹಳೇ ಜಗಳ.

1401ರಲ್ಲಿ ಇಲ್ಲಿನ ಬ್ಯಾಪ್ಟಿಸ್ಟರಿಗೆ, ಅಂದ್ರೆ ಕ್ರೈಸ್ತ ದೀಕ್ಷಾಸ್ನಾನ ಮಾಡಿಸೋ ಕಟ್ಟಡಕ್ಕೆ, ಕಂಚಿನ ಬಾಗಿಲು ಮಾಡಿಸೋಕೆ ಒಂದು ಸ್ಪರ್ಧೆ ಇಟ್ರು. ಬೈಬಲ್ ಕತೆಯ ಅಬ್ರಹಾಂ ತನ್ನ ಮಗ ಐಸಾಕ್‌ನ ಬಲಿ ಕೊಡೋಕೆ ಕತ್ತಿ ಎತ್ತಿದ ಗಳಿಗೆ, ಅದನ್ನ ಒಂದು ಫಲಕದಲ್ಲಿ ತೋರಿಸ್ಬೇಕು. ಸ್ಪರ್ಧೆಗೆ ಇಳಿದವರಲ್ಲಿ ಇಬ್ಬರು ಅಕ್ಕಸಾಲಿ ಹುಡುಗರು: ಲೊರೆಂಝೋ ಗಿಬರ್ಟಿ, ಫಿಲಿಪ್ಪೋ ಬ್ರುನೆಲೆಸ್ಕಿ. ಅವರಿಬ್ಬರ ಫಲಕ ಮಾತ್ರ ಇವತ್ತಿಗೂ ಉಳಿದಿವೆ, ಬಾರ್ಜೆಲ್ಲೋ ಮ್ಯೂಸಿಯಂನಲ್ಲಿ. ನಮ್ಮ ಮೊದಲ ದಿನ ಶುರುವಾಗೋದೇ ಅಲ್ಲಿಂದ.

ಫೋಟೋ ಸ್ವಲ್ಪ ದೊಡ್ಡದು ಮಾಡ್ತೀನಿ, ನೋಡಿ. ಬ್ರುನೆಲೆಸ್ಕಿ ಫಲಕದಲ್ಲಿ ಕತ್ತಿ ಆಗ್ಲೇ ಹುಡುಗನ ಕುತ್ತಿಗೆ ಹತ್ರ ಬಂದಿದೆ. ದೇವದೂತ ಹಾರಿ ಬಂದು ಅಪ್ಪನ ಮಣಿಕಟ್ಟು ಗಬಕ್ಕನೆ ಹಿಡ್ಕೊಂಡಿದಾನೆ. ಕೆಳಗೆ ಮೂಲೇಲಿ ಒಬ್ಬ ಆಳು, ಮೇಲೆ ಏನು ನಡೀತಿದೆ ಅನ್ನೋ ಪರಿವೆಯೇ ಇಲ್ಲದೆ ಕಾಲಿನ ಮುಳ್ಳು ಕೀಳ್ತಾ ಕೂತಿದಾನೆ. ಗಿಬರ್ಟಿದು ಹಾಗಲ್ಲ. ದೇವದೂತ ಇನ್ನೂ ಗಾಳೀಲೇ ಇದಾನೆ, ಐಸಾಕ್‌ನ ಮೈ ತಿದ್ದಿ ತೀಡಿದಂಗಿದೆ. ಹೆಚ್ಚುಕಮ್ಮಿ ಇಡೀ ಫಲಕ ಒಂದೇ ಎರಕದಲ್ಲಿ ಹೊಯ್ದಿದ್ದು, ಕಂಚೂ ಕಮ್ಮಿ ಹಿಡಿದಿದೆ. ಗೆದ್ದಿದ್ದು ಗಿಬರ್ಟಿ. ನನ್ನ ಓಟು ಇನ್ನೊಬ್ಬನಿಗೆ. ಆ ಮುಳ್ಳು ಕೀಳೋನಿಗೋಸ್ಕರವಾದ್ರೂ!

ಆ ಬಾಗಿಲು ಮುಗಿಸಿ ಗಿಬರ್ಟಿ ಇನ್ನೊಂದು ಜೋಡಿ ಶುರು ಮಾಡ್ದ, 1425ರಿಂದ 1452ರವರೆಗೆ. 'ಸ್ವರ್ಗದ ಬಾಗಿಲು' ಅಂತ ಹೆಸರಾಗಿದ್ದು ಅದೇ. ಬೀದೀಲಿ ನಿಂತು ಎಲ್ಲರೂ ಸೆಲ್ಫಿ ತಗೊಳ್ಳೋದು ಅದರ ನಕಲಿನ ಮುಂದೆ. ಅಸಲಿ ಇರೋದು ಊರಿನ ಮುಖ್ಯ ಚರ್ಚು, ಅಂದ್ರೆ ಕತೀಡ್ರಲ್ ಹಿಂದಿನ ಓಪೆರಾ ದೆಲ್ ದುಓಮೋ ಮ್ಯೂಸಿಯಂನಲ್ಲಿ. ಅದಕ್ಕೆ ಎರಡನೇ ದಿನದ ಬೆಳಗ್ಗೆ ಪೂರ್ತಿ ಇಟ್ಟಿದೀನಿ. ಬಾಗಿಲ ಚೌಕಟ್ಟಲ್ಲಿ ಗಿಬರ್ಟಿ ತನ್ನದೇ ಬೋಳುತಲೆ ಕೂರಿಸಿದಾನೆ, ಹುಡುಕಿ.

ಸೋತವನು ಸುಮ್ಮನಿದ್ನಾ? ಕತೀಡ್ರಲ್ ಕೆಲಸ ಶುರುವಾಗಿದ್ದು 1296ರಲ್ಲಿ. ನೂರು ವರ್ಷ ದಾಟಿದ್ರೂ ಗುಮ್ಮಟ ಕೂರಿಸೋದು ಹೇಗೆ ಅಂತ ಯಾರಿಗೂ ತಿಳಿದಿರಲಿಲ್ಲ. ಅಷ್ಟು ಅಗಲಕ್ಕೆ ಕೆಳಗಿಂದ ಮರದ ಆಧಾರ ಕೊಡೋದು ಆಗದ ಮಾತು. ಬ್ರುನೆಲೆಸ್ಕಿ ಆಧಾರವೇ ಬೇಡ ಅಂದ. ಒಳಗೊಂದು, ಹೊರಗೊಂದು, ಎರಡು ಚಿಪ್ಪು. ಇಟ್ಟಿಗೆಗಳನ್ನ ಮೀನಿನ ಮುಳ್ಳಿನ ಥರ ಓರೆಯಾಗಿ ಹೆಣೆದ, ಗಾರೆ ಒಣಗೋವರೆಗೆ ಜಾರದ ಹಾಗೆ. ಸಾಮಾನು ಮೇಲೆತ್ತೋಕೆ ಎತ್ತು ಕಟ್ಟಿದ ಯಂತ್ರ. ಎತ್ತನ್ನ ತಿರುಗಿಸದೇ ಗೇರ್ ಬದಲಾಯಿಸಿ ಭಾರ ಕೆಳಗೂ ಇಳಿಸಬಹುದಿತ್ತು. 1420ರಲ್ಲಿ ಶುರು, 1436ಕ್ಕೆ ಮುಗೀತು. ಮಜಾ ಏನಂದ್ರೆ, ಮೇಲ್ವಿಚಾರಣೆಗೆ ಗಿಬರ್ಟಿನೂ ಜೊತೆಗೆ ಹಾಕಿದ್ರು! ಬ್ರುನೆಲೆಸ್ಕಿ ಹುಷಾರಿಲ್ಲ ಅಂತ ಮಲಗಿ, 'ಈಗ ಅವನೇ ಮಾಡ್ಲಿ ನೋಡೋಣ' ಅಂದ ಅನ್ನೋ ಕತೆ ಅಲ್ಲಿ ಇನ್ನೂ ಓಡಾಡ್ತಿದೆ.

ಗುಮ್ಮಟ ಹತ್ತೋಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಟಿಕೆಟ್‌ನಲ್ಲಿ ಟೈಮ್ ಸ್ಲಾಟ್ ಇರುತ್ತೆ, ಮುಂಚೆನೇ ಬುಕ್ ಮಾಡ್ಬೇಕು. ಮೆಟ್ಟಿಲ ಲೆಕ್ಕ ಕೇಳಿದ ಅವ್ವ, "ನೀ ಹತ್ತವಾ, ನಾ ಕೆಳಗ ಕುಂತಿರ್ತೀನಿ" ಅಂದ್ಬಿಟ್ಲು. ಕತೀಡ್ರಲ್ ಒಳಗೆ ಹೋಗೋಕೆ ಟಿಕೆಟ್ ಇಲ್ಲ, ಅವಳಿಗೆ ಅದೇ ಸಾಕಂತೆ.

ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಇಟಲಿಗೆ ಹೋಗೋಕೆ ಬೇಕಾದ ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ರೋಮ್‌ಗೆ ವಿಮಾನ, ಅಲ್ಲಿಂದ ಫಾಸ್ಟ್ ಟ್ರೈನಲ್ಲಿ ಒಂದೂವರೆ ಗಂಟೆ. ಊರೊಳಗೆಲ್ಲ ನಡಿಗೆಯೇ, ಬಾಡಿಗೆ ಕಾರಿನ ಯೋಚನೆ ಬೇಡ. ಹಳೇ ಊರಿಗೆ ಪರವಾನಗಿ ಇಲ್ಲದ ಗಾಡಿ ನುಗ್ಗಿದ್ರೆ ಕ್ಯಾಮೆರಾ ಹಿಡಿದು ದಂಡ ಹಾಕುತ್ತೆ. ಉಫೀಝಿ ಕಲಾ ಮ್ಯೂಸಿಯಂಗೆ, ಮೈಕೆಲೇಂಜೆಲೋನ ಡೇವಿಡ್ ಮೂರ್ತಿ ಇರೋ ಅಕಾಡೆಮಿಯಾಗೆ ಸೋಮವಾರ ರಜೆ. ಉಫೀಝಿಗೆ ಒಂದು ಮಧ್ಯಾಹ್ನ ಇಟ್ಟಿದೀನಿ, ಡೇವಿಡ್ ಈ ಸಲ ಇಲ್ಲ. ಕಾಮೆಂಟಲ್ಲಿ ಬೈಯೋರು ಬೈಬಹುದು.

ಊಟ? ಸಸ್ಯಾಹಾರಿಗಳು 'ಲಾಂಪ್ರೆದೊತ್ತೋ' ಅಂತ ಬೋರ್ಡ್ ಕಂಡ್ರೆ ಮುಂದೆ ಹೋಗಿ, ಅದು ಹಸುವಿನ ನಾಲ್ಕನೇ ಹೊಟ್ಟೆ. ಅಲ್ಲಿನ ಬ್ರೆಡ್‌ಗೆ ಉಪ್ಪೇ ಹಾಕಲ್ಲ. ಅವ್ವನ ಶೇಂಗಾ ಚಟ್ನಿ ಆಗ್ಲೇ ಲಗೇಜಿಗೆ ಸೇರಿದೆ.

ಮೂರನೇ ಬೆಳಗ್ಗೆ ಮಾತ್ರ ಪೂರ್ತಿ ಅವ್ವಂದು. ಅವಳ ತವರು ನಿಪ್ಪಾಣಿ, ಮನೆದೇವರು ಕೊಲ್ಹಾಪುರದ ಮಹಾಲಕ್ಷ್ಮಿ. ಆ ಕೊಲ್ಹಾಪುರದ ರಾಜ ರಾಜಾರಾಮ್ ಲಂಡನ್‌ನಿಂದ ವಾಪಸ್ ಬರ್ತಾ ಫ್ಲಾರೆನ್ಸ್‌ನಲ್ಲಿ ತೀರ್ಕೊಂಡ, 1870ರ ನವೆಂಬರ್‌ನಲ್ಲಿ. ಆಗಿನ್ನೂ ಇಪ್ಪತ್ತರ ಹುಡುಗ. ಆರ್ನೋ ನದಿಗೆ ಮುನ್ಯೋನೆ ಹೊಳೆ ಸೇರೋ ಕಡೆ, ಹಿಂದೂ ಪದ್ಧತಿಯಲ್ಲೇ ದಹನ ಮಾಡಿದ್ರು. ಅಲ್ಲೇ, ಕಾಷಿನೆ ಪಾರ್ಕಿನ ಪಶ್ಚಿಮದ ತುದೀಲಿ, ಮಂಟಪದ ಕೆಳಗೆ ಅವನ ಬಸ್ಟ್ ಇದೆ. ಪಕ್ಕದ ಸೇತುವೆಗೂ 'ಭಾರತೀಯನ ಸೇತುವೆ' ಅಂತಲೇ ಹೆಸರು. "ಅಷ್ಟ್ ದೂರ ಹೋಗಿ ನಮ್ಮ ರಾಜಾನ್ನ ನೋಡಲಾರದ ಬರೂದೇನ?" ಅಂತ ಅವ್ವ ಕೇಳಿದ ಮೇಲೆ ನನ್ನ ಜಗಳದ ಪ್ಲಾನಿಂದ ಅರ್ಧ ದಿನ ಕತ್ತರಿಸಿದೆ. ಪಾರ್ಕ್ ಉದ್ದಕ್ಕೂ ನಡೀಬೇಕು, ಅದಕ್ಕೆ ಬೆಳಗ್ಗೆ ಬೇಗನೇ ಹೊರಡೋದು. ರೋಮ್‌ಗೆ ಟ್ರೈನ್ ಮಧ್ಯಾಹ್ನ ಮೂರಕ್ಕಿದೆ.