ಮಬಾಂಬದ ಜೊಂಡಿನಲ್ಲಿ ಒಂದು ಬೆಳಗು

ಕೇಳುಗರಿಗೆ ನಮಸ್ಕಾರ.

ಆಫ್ರಿಕಾದ ಸಫಾರಿಗೆ ಹೋಗಿ ಬಂದೆ ಎಂದರೆ ಸಾಕು, ಎಲ್ಲರೂ ಮೊದಲು ವಿಚಾರಿಸುವುದು ಸಿಂಹವನ್ನು. ಮೂರು ಸಿಂಹಗಳನ್ನು ನೋಡಿದೆ. ಮೂರೂ ನಿದ್ದೆ ಮಾಡುತ್ತಿದ್ದವು. ಅವುಗಳ ನಿದ್ದೆ ಕೆಡಿಸುವುದು ಬೇಡ; ಉಗಾಂಡದ ಒಂದು ಜೌಗು ನೆಲಕ್ಕೆ ಹೋಗೋಣ.

ವಿಕ್ಟೋರಿಯಾ ಸರೋವರದ ಉತ್ತರ ದಂಡೆಯಲ್ಲಿ, ಎಂಟೆಬೆ ಪಟ್ಟಣದ ಪಶ್ಚಿಮಕ್ಕೆ, ಮಬಾಂಬ ಎಂಬ ಕೊಲ್ಲಿಯಿದೆ. ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ 2006ರಲ್ಲಿ ಸೇರಿದ ಜಾಗ. ಅಲ್ಲಿ ನೀರಿಗಿಂತ ಪಪೈರಸ್ ಜೊಂಡೇ ಹೆಚ್ಚು ಕಾಣುತ್ತದೆ. ನಮ್ಮ ಹೊಲದ ತುಂಗೆ ಹುಲ್ಲಿನ ದಾಯಾದಿ ಅದು. ಆದರೆ ಆಳೆತ್ತರ ಮೀರಿ ಬೆಳೆದು, ನೆತ್ತಿಯ ಮೇಲೆ ಹಸಿರು ಜುಟ್ಟು ಕೆದರಿಕೊಂಡು ನಿಂತಿರುತ್ತದೆ. ನಡುವಿನ ಇಕ್ಕಟ್ಟಾದ ಕಾಲುವೆಗಳಲ್ಲಿ ಅಂಬಿಗ ಎಂಜಿನ್ ಆರಿಸಿ, ಗಳ ಊರಿ ದೋಣಿಯನ್ನು ತಳ್ಳುತ್ತಾನೆ.

ನಾವು ಹುಡುಕಿಕೊಂಡು ಹೋದದ್ದು ಶೂಬಿಲ್ ಎಂಬ ಹಕ್ಕಿಯನ್ನು. ನಾಲ್ಕು ಅಡಿ ಎತ್ತರ, ಬೂದಿ ಬಣ್ಣ, ಮುಖಕ್ಕೆ ಮರದ ಪಾದುಕೆಯೊಂದನ್ನು ಅಂಟಿಸಿದಂಥ ಕೊಕ್ಕು. ಅರಬ್ಬರು ಇದನ್ನು ‘ಅಬು ಮರ್ಕೂಬ್’, ಅಂದರೆ ಚಪ್ಪಲಿಯ ಅಪ್ಪ, ಎಂದು ಕರೆದರು. ನೋಡಲು ಕೊಕ್ಕರೆಯಂತಿದ್ದರೂ ವಂಶವಾಹಿಗಳ ಲೆಕ್ಕದಲ್ಲಿ ಇದು ಹೆಜ್ಜಾರ್ಲೆಗೆ ಹತ್ತಿರದ ನೆಂಟ.

ಹೆಜ್ಜಾರ್ಲೆ ಎಂದೊಡನೆ ನಮಗೆ ಕೊಕ್ಕರೆ ಬೆಳ್ಳೂರು ನೆನಪಾಗುತ್ತದೆ. ಹಕ್ಕಿ ಬಂದು ಗೂಡು ಕಟ್ಟಿದರೆ ಊರಿಗೆ ಒಳ್ಳೆಯದು ಎಂಬುದು ಅಲ್ಲಿನ ನಂಬಿಕೆ. ಮಬಾಂಬದ ಮೀನುಗಾರರದು ಇದಕ್ಕೆ ತದ್ವಿರುದ್ಧ: ಶೂಬಿಲ್ ಕಣ್ಣಿಗೆ ಬಿದ್ದರೆ ಅಂದು ಬಲೆ ಖಾಲಿ. ಹಾಗಾಗಿ ಕಂಡಲ್ಲಿ ಕೊಲ್ಲುತ್ತಿದ್ದರು. ಈಗ ಅದೇ ಮೀನುಗಾರರಲ್ಲಿ ಹಲವರು ಅಂಬಿಗರಾಗಿ, ಮಾರ್ಗದರ್ಶಿಗಳಾಗಿ ಆ ಹಕ್ಕಿಯನ್ನು ತೋರಿಸಿ ಬದುಕುತ್ತಾರೆ. ಶಕುನವನ್ನು ತಿರುಗಿಸಿದ್ದು ಪ್ರವಾಸಿಗರ ಹಣ. ಅದರಲ್ಲಿ ಮೂಗು ಮುರಿಯುವಂಥದ್ದೇನೂ ನನಗೆ ಕಾಣುವುದಿಲ್ಲ.

ಹಕ್ಕಿ ಸಿಕ್ಕಿತು. ನಿಂತಿತ್ತು. ಅರ್ಧ ಗಂಟೆಯ ನಂತರವೂ ಹಾಗೆಯೇ ನಿಂತಿತ್ತು. ನಾನು ತೆಗೆದ ಮೊದಲ ಫೋಟೊಗೂ ಅರವತ್ತನೆಯ ಫೋಟೊಗೂ ಇದ್ದ ವ್ಯತ್ಯಾಸವೆಂದರೆ ಬಿಸಿಲು ಮಾತ್ರ. ಸಮಭಾಜಕದ ಸೂರ್ಯ ಆತುರಗಾರ. ಎಂಟು ಗಂಟೆಯ ಮೆದು ಬೆಳಕು ನೋಡನೋಡುತ್ತಲೇ ಸುಣ್ಣದಂತೆ ಬೆಳ್ಳಗಾಗುತ್ತದೆ. ದೋಣಿಯಲ್ಲಿ ಟ್ರೈಪಾಡ್ ಉಪಯೋಗಕ್ಕೆ ಬಾರದು, ದೋಣಿಯ ನಡುಕವೆಲ್ಲ ಅದರ ಕಾಲಿನಿಂದ ಕ್ಯಾಮೆರಾಕ್ಕೆ ಏರುತ್ತದೆ. ಕೈಯಲ್ಲೇ ಹಿಡಿದು, ಷಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟುಕೊಂಡೆ. ಫೋಕಸ್ಸನ್ನು ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ ಅದು ಮುಂದಿನ ಜೊಂಡಿನ ಕಡ್ಡಿಯನ್ನೇ ಹಿಡಿಯುತ್ತದೆ. ಒಂದೇ ಬಿಂದುವನ್ನು ಹಕ್ಕಿಯ ಕಣ್ಣಿನ ಮೇಲೆ ಕೂರಿಸಬೇಕು. ಜೀಪಿನಿಂದ ಬಗ್ಗಿ ನೋಡುವವರಿಗೆ ಸಿಗದ ಒಂದು ಲಾಭ ದೋಣಿಯಲ್ಲಿದೆ. ಕುಳಿತವನ ಕಣ್ಣೂ ಹಕ್ಕಿಯ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತವೆ.

ಶೂಬಿಲ್‌ನ ತಪಸ್ಸೆಲ್ಲ ಒಂದು ಮೀನಿಗಾಗಿ. ಶ್ವಾಸಕೋಶವುಳ್ಳ ಆ ಮೀನು ಗಾಳಿ ನುಂಗಲು ಆಗಾಗ ಮೇಲೆ ಬರಲೇಬೇಕು. ಬಂತು. ಹಕ್ಕಿ ಎರಗಿತು ಎನ್ನುವುದಕ್ಕಿಂತ ಗೋಡೆ ಕುಸಿದಂತೆ ಇಡೀ ಮೈಯೊಂದಿಗೆ ನೀರಿಗೆ ಬಿದ್ದಿತು ಎನ್ನಬೇಕು. ಎದ್ದಾಗ ಕೊಕ್ಕಿನ ತುಂಬ ಕೆಸರು, ಬೇರು, ಕಳೆ. ನಡುವೆ ಎಲ್ಲೋ ಮೀನು. ಕೊಕ್ಕನ್ನು ಆಚೀಚೆ ಆಡಿಸಿ ಕಸವನ್ನೆಲ್ಲ ಉದುರಿಸಿ, ಕೊಕ್ಕಿನ ಹರಿತ ಅಂಚಿನಿಂದ ತಲೆ ಕತ್ತರಿಸಿ ನುಂಗಿತು. ನನ್ನ ಚಿತ್ರಗಳಲ್ಲಿ ಕೆಸರು ಬಹಳ ಸ್ಪಷ್ಟವಾಗಿ ಮೂಡಿದೆ.

ಹಿಂದಿರುಗುವಾಗ ನೈದಿಲೆ ಎಲೆಗಳ ಮೇಲೆ ಆಫ್ರಿಕಾದ ದೇವನಕ್ಕಿ ಕಂಡಿತು. ಈ ಹಕ್ಕಿಗಳಲ್ಲಿ ಮೊಟ್ಟೆಗೆ ಕಾವು ಕೊಡುವವನೂ ಮರಿ ಸಾಕುವವನೂ ಗಂಡು. ದೋಣಿ ಕಂಡು ಗಾಬರಿಯಾದ ಅಪ್ಪ ನಾಲ್ಕು ಮರಿಗಳನ್ನೂ ರೆಕ್ಕೆಯಡಿ ಅವುಚಿಕೊಂಡು ಎಲೆಯಿಂದ ಎಲೆಗೆ ಹೊರಟ. ಮರಿಗಳ ಉದ್ದನೆಯ ಕಾಲುಗಳು ಮಾತ್ರ ಹೊರಗೆ ಜೋಲುತ್ತಿದ್ದವು. ಬಾನುಲಿಯಲ್ಲಿ ಆ ಚಿತ್ರವನ್ನು ತೋರಿಸಲಾರೆ. ಮನೆಯ ಗೋಡೆಯ ಮೇಲೆ ಶೂಬಿಲ್‌ನ ಪಕ್ಕದಲ್ಲೇ ತೂಗುಹಾಕಿದ್ದೇನೆ. ಬಂದವರು ಶೂಬಿಲ್ಲನ್ನು ಬಿಟ್ಟು, ಬೆರಳು ಮಡಚುತ್ತಾ ಇದರ ಕಾಲುಗಳನ್ನೇ ಎಣಿಸುತ್ತಾರೆ. ಹತ್ತು.